ಇಬ್ನು ಬತೂತಾ ಉಂಡ ಊರಿಗೆ ಪ್ರವಾಸ

ಶಾಲೆಗಳಿಗೆ ರಜೆ ಸಿಕ್ಕಿದ ಕೂಡಲೇ ನಮ್ಮ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಊಟಿ, ಮೈಸೂರು, ಅನುಕೂಲವಿದ್ದವರಿಗೆ ದುಬೈ. ಹೋಗುವುದರಲ್ಲಿ ತಪ್ಪೇನೂ ಇಲ್ಲ. ಭೂಮಿಯಲ್ಲಿ ಸಂಚರಿಸಿ ನೋಡಿರಿ ಎಂದು ಪವಿತ್ರ ಕುರ್‌ಆನ್ ಹಲವೆಡೆ ಹೇಳುತ್ತದೆ. ಸಂಚರಿಸುವುದನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ನೋಡುವುದು ಮಾತ್ರ ಮಾಲ್‌ನ ಅಂಗಡಿಗಳನ್ನು ಮತ್ತು ಮೊಬೈಲಿನ ಕ್ಯಾಮೆರಾವನ್ನು. ತಿನ್ನುವುದು ನಮ್ಮೂರಲ್ಲೇ ಸಿಗುವ ಅದೇ ಶವರ್ಮಾ.

ನೋಡುವುದೆಂದರೆ ಹೇಗೆ ಎಂದು ತಿಳಿಯಲು ಇಬ್ನು ಬತೂತಾರಿಗಿಂತ ಒಳ್ಳೆಯ ಗುರು ಸಿಗಲಾರರು. ಮೊರಾಕೋದ ತಾಂಜೀರ್‌ನಲ್ಲಿ 1304ರಲ್ಲಿ ಹುಟ್ಟಿದ ಅವರು 1325ರಲ್ಲಿ ಹಜ್ಜ್‌ಗೆಂದು ಹೊರಟು ಊರಿಗೆ ಮರಳಿದ್ದು 1349ರಲ್ಲಿ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕ್‌ನ ಬಳಿ ಖಾಝಿಯಾಗಿದ್ದು, ಆತನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ ನಮ್ಮ ಕರಾವಳಿಗೂ ಬಂದರು. ಹೊನ್ನಾವರ, ಬಾರ್ಕೂರು, ಮಂಗಳೂರು ಮೂರೂ ಅವರ ಪ್ರವಾಸ ಕಥನದಲ್ಲಿವೆ. ಮಂಗಳೂರಿನಲ್ಲಿ ಸುಮಾರು 4000 ಮುಸ್ಲಿಮರಿದ್ದರು, ಪರ್ಷಿಯಾ ಮತ್ತು ಯಮನ್‌ನ ವರ್ತಕರು ಬಂದಿಳಿಯುತ್ತಿದ್ದರು ಎಂದು ಬರೆದಿದ್ದಾರೆ.

ಆದರೆ ಅವರ ಕಣ್ಣು ಹೆಚ್ಚು ಹೊತ್ತು ನಿಂತದ್ದು ಹೊನ್ನಾವರದ ಮೇಲೆ. ಹಿಂದೂ ಅರಸನೊಬ್ಬನ ಅಧೀನದಲ್ಲಿದ್ದ ಅಲ್ಲಿಯ ಸುಲ್ತಾನ್ ಜಮಾಲುದ್ದೀನರ ಮನೆಯ ಊಟವನ್ನು ಅವರು ಬಡಿಸಿದ ಕ್ರಮದಲ್ಲೇ ವಿವರಿಸುತ್ತಾರೆ. ಮೊದಲು ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಬಳಿಕ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಮಳೆಗಾಲವಾದ್ದರಿಂದ ಕುಡಿಯಲು ಬಿಸಿನೀರು. ರೊಟ್ಟಿಯ ನಾಡಿನವರು ಈ ಸುಲ್ತಾನರ ಬಳಿ ಹನ್ನೊಂದು ತಿಂಗಳು ಅನ್ನವನ್ನೇ ಉಂಡು ಕಳೆದರು. ಕರಾವಳಿಯ ಯಾವ ಅಜ್ಜಿಗಾದರೂ ಈ ಪಟ್ಟಿ ಓದಿ ಹೇಳಿ, ಇದರಲ್ಲೇನು ವಿಶೇಷ ಎಂದು ಕೇಳಿಯಾಳು! ಏಳು ಶತಮಾನ ಕಳೆಯುತ್ತಾ ಬಂದರೂ ಉತ್ತರ ಕನ್ನಡದ ಹೊಳೆದಂಡೆಯ ಅಪ್ಪೆಮಿಡಿ ಉಪ್ಪಿನಕಾಯಿ ತಟ್ಟೆಯ ಬದಿಯಿಂದ ಕದಲಿಲ್ಲ.

ಇನ್ನೊಂದು ಸಂಗತಿ ಅವರನ್ನು ಬೆರಗುಗೊಳಿಸಿತು. ಈ ಊರಿನ ಹೆಂಗಸರಿಗೆಲ್ಲ ಕುರ್‌ಆನ್ ಕಂಠಪಾಠ. ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎನ್ನುತ್ತಾರೆ ಅವರು. ಹೆಣ್ಣುಮಕ್ಕಳನ್ನು ಎಷ್ಟನೆಯ ತರಗತಿಗೆ ನಿಲ್ಲಿಸಬೇಕೆಂದು ಇಂದೂ ಲೆಕ್ಕ ಹಾಕುವವರು ನಮ್ಮಲ್ಲಿದ್ದಾರೆ. ಅಂಥ ತಂದೆ ಮಗಳೊಂದಿಗೆ ಹೊನ್ನಾವರದ ಬೀದಿಯಲ್ಲಿ ನಿಂತು ಈ ಎರಡು ಅಂಕಿಗಳನ್ನು ಓದಿಕೊಳ್ಳಲಿ ಎಂಬುದು ನಮ್ಮ ಆಸೆ.

ಅಲ್ಲಿ ನೋಡಲು ಏನಿದೆ? ಶರಾವತಿ ಕಡಲು ಸೇರುವ ಅಳಿವೆಯಿದೆ. ಜೋಗದಲ್ಲಿ ಧುಮುಕಿದ ನೀರು ಇಲ್ಲಿ ಸದ್ದಿಲ್ಲದೆ ಹರಡಿಕೊಳ್ಳುತ್ತದೆ. ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿಯಿದೆ. ಅದರ ಬೇರುಗಳು ನೀರಿನಿಂದ ಎದ್ದು ನಿಂತಿರುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಕೊಂಕಣ ರೈಲಿನಲ್ಲಿ ಹೋದರೆ ಎರಡು ಕಿ.ಮೀ. ಮೀರಿದ ಸೇತುವೆಯ ಮೇಲೆ ಹೊಳೆ ದಾಟಬಹುದು. ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ದಕ್ಷಿಣಕ್ಕೆ ಭಟ್ಕಳ. ಅಲ್ಲಿಯ ನವಾಯತರ ಮಾತು ಕೊಂಕಣಿಯ ಬಗೆ, ಬರೆಯುವುದು ಉರ್ದುವಿನ ಲಿಪಿಯಲ್ಲಿ. ಈರುಳ್ಳಿ ಧಾರಾಳವಾಗಿ ಬೀಳುವ ಅವರ ಬಿರಿಯಾನಿ, ಅನ್ನದ ಬದಲು ಶಾವಿಗೆಯಲ್ಲಿ ಮಾಡುವ ಬಿರಿಯಾನಿ ಎರಡನ್ನೂ ಬಿಡಬೇಡಿ. ಅಂದ ಹಾಗೆ, ಬಾಡಿಗೆ ಮನೆ ಹಿಡಿದು ಸ್ಟವ್, ಪಾತ್ರೆ ಹೊತ್ತೊಯ್ಯುವ ಪದ್ಧತಿ ನಮ್ಮಲ್ಲಿದೆ. ಖರ್ಚೇನೋ ಉಳಿಯುತ್ತದೆ. ಆದರೆ ಊರೆಲ್ಲ ನೋಡಿ ಬಂದವರಿಗೆ ಅಡುಗೆ ಮಾಡಿಟ್ಟ ಉಮ್ಮ ಯಾವ ಊರು ನೋಡಿದಂತಾಯಿತು?

ಇನ್ನು ನಮಾಝಿನ ವಿಷಯ. ಮಂಗಳೂರಿನಿಂದಾಗಲಿ ಹುಬ್ಬಳ್ಳಿಯಿಂದಾಗಲಿ ಹೊನ್ನಾವರಕ್ಕೆ ಹೊರಟವರು ಮುಸಾಫಿರ್ ಆಗುತ್ತಾರೆ. ಝುಹರ್, ಅಸರ್, ಇಶಾ ಎರಡೆರಡು ರಕಅತ್. ಫಜ್ರ್, ಮಗ್ರಿಬ್‌ಗಳಲ್ಲಿ ಬದಲಾವಣೆಯಿಲ್ಲ. ಭಟ್ಕಳದಿಂದ ಹೊರಟವರಿಗೆ ಈ ರಿಯಾಯಿತಿ ಇಲ್ಲ, ದೂರ ಸಾಲದು. ಕರಾವಳಿಯವರು ಹೆಚ್ಚಾಗಿ ಶಾಫಿಈಗಳು, ಘಟ್ಟದ ಮೇಲಿನವರು ಹನಫಿಗಳಾದ್ದರಿಂದ ಒಂದೇ ಬಸ್ಸಿನಲ್ಲಿ ಹೊರಟ ಬಂಧುಗಳ ನಡುವೆ ಗೊಂದಲ ಏಳುವುದುಂಟು. ಶಾಫಿಈ ಮದ್‌ಹಬ್‌ನಲ್ಲಿ ಝುಹರ್-ಅಸರ್, ಮಗ್ರಿಬ್-ಇಶಾ ಜಮ್ಅ್ ಮಾಡಬಹುದು. ಹನಫಿಗಳು ಪ್ರಯಾಣದಲ್ಲಿ ಹಾಗೆ ಸೇರಿಸುವುದಿಲ್ಲ, ಝುಹರನ್ನು ಅದರ ಕೊನೆಯ ಸಮಯದಲ್ಲೂ ಅಸರನ್ನು ಆರಂಭದಲ್ಲೂ ನಿರ್ವಹಿಸಿ ಒಂದೇ ನಿಲುಗಡೆಯಲ್ಲಿ ಮುಗಿಸಿಕೊಳ್ಳಬಹುದು. ತಂಗುವ ಅವಧಿಯ ಲೆಕ್ಕವೂ ಬೇರೆ. ಒಂದೆಡೆ 15 ದಿನ ಉಳಿಯುವ ನಿಯ್ಯತ್ತಿದ್ದರೆ ಹನಫಿಗಳು ಪೂರ್ಣ ನಮಾಝ್ ಮಾಡಬೇಕು. ಶಾಫಿಈಗಳಿಗೆ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನವಾದರೆ ಸಾಕು. ಸ್ಥಳೀಯ ಇಮಾಮರ ಹಿಂದೆ ನಿಂತರೆ ಇಬ್ಬರೂ ನಾಲ್ಕೇ ರಕಅತ್ ಪೂರೈಸಬೇಕು.

ಎಲ್ಲ ಮಸೀದಿಗಳಲ್ಲೂ ಮಹಿಳೆಯರಿಗೆ ಸ್ಥಳ ಇರುವುದಿಲ್ಲ. ಹೊರಡುವ ಮುನ್ನ ಅಲ್ಲಿಯ ಪರಿಚಿತರಲ್ಲಿ ವಿಚಾರಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಿಸಿಲೂ ಹಿತ, ಹೊಳೆಯೂ ಶಾಂತ.