ನೆರಳಿದ್ದರೆ ಸಾಕೇ?

ಪ್ರಶ್ನೆ: ಫಿಲ್ಮ್ ನ್ವಾರ್ ಒಂದು ಸಿನಿಮಾ ಪ್ರಕಾರವೇ, ಬರೀ ದೃಶ್ಯಶೈಲಿಯೇ?

ಪ್ರಕಾರವೇ, ಆದರೆ ತಡವಾಗಿ ಹೆಸರು ಪಡೆದದ್ದು. ಹಾಲಿವುಡ್‌ನವರು ಮೆಲೋಡ್ರಾಮಾ ಎಂದುಕೊಂಡೇ ತೆಗೆದ ಇಂಥ ಚಿತ್ರಗಳನ್ನು 'ನ್ವಾರ್', ಅಂದರೆ ಕಪ್ಪು, ಎಂದು 1946ರಲ್ಲಿ ಕರೆದವರು ಫ್ರಾನ್ಸಿನ ವಿಮರ್ಶಕ ನಿನೋ ಫ್ರಾಂಕ್. ಬಿಲ್ಲಿ ವೈಲ್ಡರ್ ಅವರ 'ಡಬಲ್ ಇಂಡೆಮ್ನಿಟಿ'ಯಲ್ಲಿ (1944) ಕಿಟಕಿ ಪಟ್ಟಿಗಳ ನೆರಳು ವಿಮಾ ಏಜೆಂಟನ ಮೇಲೆ ಜೈಲಿನ ಸರಳುಗಳಂತೆ ಬೀಳುವುದನ್ನು ಕಂಡವರಿಗೆ ಶೈಲಿಯೇ ಎಲ್ಲ ಅನ್ನಿಸುವುದು ಸಹಜ. ಆದರೆ 'ಸಿಟಿಜನ್ ಕೇನ್'ನಲ್ಲೂ (1941) ಗಾಢ ನೆರಳಿದೆ. ಅದನ್ನು ಸಾಮಾನ್ಯವಾಗಿ ನ್ವಾರ್ ಎನ್ನುವುದಿಲ್ಲ. ಆಸೆಗೆ ಬಿದ್ದವರು ಮತ್ತೆ ಹಿಂದಿರುಗಲಾಗದಷ್ಟು ದೂರ ಹೋಗಿಬಿಡುವ ಕಥೆಯೇ ಈ ಚಿತ್ರಗಳ ಜೀವಾಳ. ಅದಕ್ಕೆ ಕತ್ತಲೆಯೇ ಬೇಕೆಂದಿಲ್ಲ. 'ಲೀವ್ ಹರ್ ಟು ಹೆವನ್' (1945) ಟೆಕ್ನಿಕಲರ್ ಚಿತ್ರ. ಅದರಲ್ಲಿ ಹಾಡಹಗಲೇ, ಸರೋವರದ ನಡುವೆ ದೋಣಿಯಲ್ಲಿ ಕುಳಿತ ನಾಯಕಿ, ಗಂಡನ ತಮ್ಮ ಮುಳುಗುತ್ತಿರುವುದನ್ನು ಕಪ್ಪು ಕನ್ನಡಕದ ಹಿಂದಿನಿಂದ ಸುಮ್ಮನೆ ನೋಡುತ್ತಿರುತ್ತಾಳೆ.