ಸ್ಪೋರ್ಟ್ಸ್ ಕಾರಿನ ಆಸೆ, ಗಡಿ ಜಿಲ್ಲೆಯ ಲೆಕ್ಕ

ಬೀದರ್: ಎತ್ತಿನ ವ್ಯಾಪಾರದಲ್ಲಿ ಹಲ್ಲು ಎಣಿಸದೆ ಹಣ ಎಣಿಸುವ ರೈತ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ದೇವಣಿ ತಳಿಯ ಜೋಡಿ ಕೊಳ್ಳುವಾಗ ವಯಸ್ಸು, ಸುಳಿ, ನಡಿಗೆ, ಹಿಂದಿನ ಮಾಲೀಕ ಎಲ್ಲವನ್ನೂ ವಿಚಾರಿಸುವ ಮನೆಯ ಮುಂದಿನ ತಲೆಮಾರು, ಅರ್ಧ ಕೋಟಿಗೂ ಮೀರಿದ ಸ್ಪೋರ್ಟ್ಸ್ ಕಾರನ್ನು ಮಾತ್ರ ಬಣ್ಣ ನೋಡಿ, ಸದ್ದು ಕೇಳಿ ಆರಿಸುವುದುಂಟು. ನಾಲ್ಕು ವರ್ಷದ ನಂತರ ಮಾರಲು ಹೊರಟಾಗ ಕಳೆದುಹೋದ ಮೊತ್ತದಲ್ಲಿ ಭಾಲ್ಕಿಯಲ್ಲೋ ಔರಾದ್‌ನಲ್ಲೋ ಒಂದು ಮನೆ ಎದ್ದು ನಿಲ್ಲುತ್ತಿತ್ತು ಎಂಬುದು ಆಗ ತಿಳಿಯುತ್ತದೆ.

ಐಷಾರಾಮಿ ಕಾರಿನ ಬೆಲೆ ಎಲ್ಲೆಡೆ ಇಳಿಯುತ್ತದೆ. ಆದರೆ ಬೀದರ್‌ನಲ್ಲಿ ಅದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಇಂತಹ ಕಾರನ್ನು ಮರಳಿ ಕೊಳ್ಳುವ ಗಿರಾಕಿ ಸಾಮಾನ್ಯವಾಗಿ ಊರಿನಲ್ಲಿ ಇರುವುದಿಲ್ಲ. ಆತ ಸುಮಾರು 140 ಕಿ.ಮೀ. ದೂರದ ಹೈದರಾಬಾದ್‌ನಲ್ಲಿದ್ದಾನೆ, ಇಲ್ಲವೇ ಸುಮಾರು 700 ಕಿ.ಮೀ. ದೂರದ ಬೆಂಗಳೂರಿನಲ್ಲಿದ್ದಾನೆ. ಹತ್ತಿರದವನು ಬೇರೆ ರಾಜ್ಯದವನು, ನಮ್ಮ ರಾಜ್ಯದವನು ದೂರದವನು. ಬೆಲೆ ಉಳಿಸಿಕೊಳ್ಳುವ ವಿಚಾರ ಈ ಇಕ್ಕಟ್ಟಿನಿಂದಲೇ ಆರಂಭವಾಗಬೇಕು.

ತೆರಿಗೆಯ ಗಂಟು

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. 80 ಲಕ್ಷದ ಕಾರಾದರೆ ತೆರಿಗೆಯೇ 14.40 ಲಕ್ಷ ರೂಪಾಯಿ. ಬೀದರ್ ಕಚೇರಿಯ ಕೆಎ-38 ಅಥವಾ ಭಾಲ್ಕಿ ಕಚೇರಿಯ ಕೆಎ-39 ಸಂಖ್ಯೆ ಬಿದ್ದ ಕ್ಷಣದಲ್ಲೇ ಈ ಹಣ ಕಾರಿನೊಳಗೆ ಸೇರಿಹೋಗುತ್ತದೆ. ಕರ್ನಾಟಕದಲ್ಲೇ ಮಾರಿದರೆ ಅದರ ಸ್ವಲ್ಪ ಭಾಗ ಬೆಲೆಯಲ್ಲಿ ಮರಳಿ ಬರಬಹುದು. ಹೈದರಾಬಾದ್‌ನವನಿಗೆ ಮಾರಿದರೆ ಆತ ತೆಲಂಗಾಣದ ತೆರಿಗೆಯನ್ನು ಪ್ರತ್ಯೇಕವಾಗಿ ಕಟ್ಟಬೇಕಾಗುವುದರಿಂದ ಅಷ್ಟನ್ನೂ ಕಡಿದೇ ಬೆಲೆ ಹೇಳುತ್ತಾನೆ. ಉಳಿದ ಅವಧಿಯ ತೆರಿಗೆಯನ್ನು ಇಲ್ಲಿನ ಸಾರಿಗೆ ಇಲಾಖೆಯಿಂದ ಮರಳಿ ಪಡೆಯಲು ಅವಕಾಶವಿದೆ. ಅದಕ್ಕೆ ಕಾಗದಪತ್ರ ಮತ್ತು ತಾಳ್ಮೆ ಎರಡೂ ಬೇಕು.

ಈ ಕಾರಣಕ್ಕೇ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಹೈದರಾಬಾದ್, ಲಾತೂರ್ ಅಥವಾ ನಾಂದೇಡ್‌ನಲ್ಲಿ ನೋಂದಣಿಯಾದ ಕಾರನ್ನು ತಂದು ಅದೇ ಸಂಖ್ಯೆಯಲ್ಲಿ ವರ್ಷಗಟ್ಟಲೆ ಓಡಿಸುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಮಹಾರಾಷ್ಟ್ರದ ಸಂಖ್ಯೆ ಹೊತ್ತು ಬೆಂಗಳೂರಿನಲ್ಲಿ ಓಡುತ್ತಿದ್ದ ಫೆರಾರಿಯೊಂದರ ಮಾಲೀಕರಿಂದ 2025ರ ಜುಲೈನಲ್ಲಿ ಸಾರಿಗೆ ಅಧಿಕಾರಿಗಳು ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ರಾಜಧಾನಿಯಲ್ಲಿ ಇಂತಹ ಕಾರು ನೂರರಲ್ಲಿ ಒಂದು. ಔರಾದ್ ಬಸ್ ನಿಲ್ದಾಣದ ಎದುರು ಅದೊಂದೇ. ಕಣ್ಣಿಗೆ ಬೀಳದಿರುವುದು ಹೇಗೆ?

ಗಡಿಯಾಚೆಯಿಂದ ಹಳೆಯ ಕಾರು ತರುವುದರಲ್ಲಿ ತಪ್ಪೇನಿಲ್ಲ. ಆದರೆ ಬೆಲೆ ಮಾತಾಡುವ ಮೊದಲೇ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿ ಬೀಳುವ ತೆರಿಗೆ, ಈ ಮೂರನ್ನೂ ಕೂಡಿ ನೋಡಬೇಕು. ಹೈದರಾಬಾದ್‌ನ ಅಗ್ಗದ ಕಾರು ಬೀದರ್ ತಲುಪುವ ಹೊತ್ತಿಗೆ ಅಗ್ಗವಾಗಿ ಉಳಿದಿರುವುದು ಅಪರೂಪ.

ಯಾವುದು ಇಳಿಯುತ್ತದೆ, ಯಾವುದು ನಿಲ್ಲುತ್ತದೆ

ವಿಮೆಗೆ ಬಳಸುವ ಸವಕಳಿ ಪಟ್ಟಿಯಲ್ಲಿ ಎಲ್ಲ ಕಾರುಗಳೂ ಒಂದೇ. ಎರಡರಿಂದ ಮೂರು ವರ್ಷದ ಕಾರಿಗೆ ಶೇ. 30, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50 ಕಡಿತ. ಮಾರುಕಟ್ಟೆ ಈ ಪಟ್ಟಿಯನ್ನು ಓದುವುದಿಲ್ಲ. ದೊಡ್ಡ ಐಷಾರಾಮಿ ಸೆಡಾನ್‌ಗಳು ಇದಕ್ಕಿಂತ ಬೇಗ ಕುಸಿದರೆ, ಕೆಲವು ಸ್ಪೋರ್ಟ್ಸ್ ಕಾರುಗಳು ಇದನ್ನು ಮೀರಿ ನಿಲ್ಲುತ್ತವೆ.

ಪೋರ್ಷೆ 911 ಇದಕ್ಕೆ ಜಗತ್ತಿನಲ್ಲೆಲ್ಲ ಕೊಡುವ ಉದಾಹರಣೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಆಕಾರ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೊಸ ಮಾದರಿ ಬಂದಾಗಲೂ ಹಿಂದಿನದು ಹಳೆಯದಾಗಿ ಕಾಣುವುದಿಲ್ಲ. ಅದೇ ಕಂಪನಿಯ ವಿದ್ಯುತ್ ಕಾರು ಟೈಕಾನ್ ವಿದೇಶಿ ಮಾರುಕಟ್ಟೆಗಳಲ್ಲಿ 911ಕ್ಕಿಂತ ಬಹಳ ಬೇಗ ಬೆಲೆ ಕಳೆದುಕೊಂಡಿದೆ. ಬ್ಯಾಟರಿ ತಂತ್ರಜ್ಞಾನ ವರ್ಷ ವರ್ಷಕ್ಕೂ ಬದಲಾಗುವಾಗ ನಿನ್ನೆಯದನ್ನು ಕೊಳ್ಳುವವರು ಕಡಿಮೆ. ಅಂದರೆ ಬ್ರ್ಯಾಂಡಿನ ಹೆಸರೊಂದೇ ಬೆಲೆಯನ್ನು ಹಿಡಿದು ನಿಲ್ಲಿಸದು.

ಅಷ್ಟು ಹಣ ಹಾಕಲಾಗದವರಿಗೆ ಚೆನ್ನೈನಲ್ಲಿ ಜೋಡಿಸುವ ಬಿಎಂಡಬ್ಲ್ಯು ಎಂ340ಐ ಇದೆ. 2021ರಲ್ಲಿ 62.90 ಲಕ್ಷಕ್ಕೆ ಬಿಡುಗಡೆಯಾದ ಈ ಆರು ಸಿಲಿಂಡರಿನ ಕಾರು ನಾಲ್ಕೂವರೆ ಸೆಕೆಂಡಿನೊಳಗೆ ನೂರು ಕಿ.ಮೀ. ವೇಗ ಮುಟ್ಟುತ್ತದೆ. ನಾಲ್ಕು ಬಾಗಿಲು, ಹಿಂದಿನ ಸೀಟು, ಡಿಕ್ಕಿ ಎಲ್ಲವೂ ಇರುವುದರಿಂದ ಮನೆಯವರ ಆಕ್ಷೇಪವೂ ಕಡಿಮೆ. ಇಲ್ಲಿನವರಿಗೆ ಹೆಚ್ಚು ಹೊಂದುವುದು ಬಹುಶಃ ಇದೇ ಬಗೆಯ ಕಾರು.

ಸೀಮಿತ ಸಂಖ್ಯೆಯಲ್ಲಿ ಬರುವ ಕಾರುಗಳದು ಇನ್ನೊಂದು ದಾರಿ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 2020ರಲ್ಲಿ ದೇಶಕ್ಕೆ 200 ಬಂತು. 2025ರ ಅಕ್ಟೋಬರ್‌ನಲ್ಲಿ 49.99 ಲಕ್ಷದ ಬೆಲೆಗೆ 100 ಮಾತ್ರ ಬಂದು ಮುಂಗಡದಲ್ಲೇ ಮುಗಿದವು. ಬೇಡುವವರು ಹೆಚ್ಚು, ಇರುವುದು ಕಡಿಮೆ ಎಂದಾದಾಗ ಬೆಲೆ ತಾನಾಗಿ ನಿಲ್ಲುತ್ತದೆ. ಆದರೆ ಬಿಡಿಭಾಗಕ್ಕೆ ಕಾಯುವುದೂ ಅಷ್ಟೇ ಖಚಿತ.

ಸರ್ಕಾರದ ತೀರ್ಮಾನಗಳೂ ಬೆಲೆಯನ್ನು ಒಂದೇ ದಿನದಲ್ಲಿ ಅಲುಗಿಸುತ್ತವೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 50ರವರೆಗೆ ಇದ್ದ ಹೊರೆ ಶೇ. 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ದಿನವೇ ಶೆಡ್ಡಿನಲ್ಲಿ ನಿಂತಿದ್ದ ಹಳೆಯದರ ಬೆಲೆಯೂ ಇಳಿಯಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ನಿಗದಿತ ಸಂಖ್ಯೆಯ ಕಾರುಗಳಿಗೆ ಆಮದು ಸುಂಕವನ್ನು ಹಂತ ಹಂತವಾಗಿ ಶೇ. 10ಕ್ಕೆ ಇಳಿಸುವ ಮಾತಿದೆ. ಪೂರ್ಣ ಸುಂಕ ತೆತ್ತು ಬಂದ ಬ್ರಿಟಿಷ್ ಕಾರನ್ನು ಈಗ ದುಬಾರಿ ಬೆಲೆಗೆ ಕೊಳ್ಳುವವರು ಇದನ್ನು ನೆನಪಿಡುವುದು ಒಳಿತು.

ಕೆಂಪು ಮಣ್ಣು, ಕಪ್ಪು ಮಣ್ಣು

ಬೀದರ್ ನಗರ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ, ಔರಾದ್ ಕಡೆಗೆ ಇಳಿದಂತೆ ಕಪ್ಪು ಮಣ್ಣು ಸಿಗುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಕಿದ ಡಾಂಬರು ಎಷ್ಟೇ ಚೆನ್ನಾಗಿದ್ದರೂ ಕಾಲಕ್ರಮೇಣ ಅಲೆಯಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀ. ಹಳ್ಳಿಗಳ ಮುಂದಿನ ಉಬ್ಬುಗಳು ಈ ಅಳತೆಗೆ ಸಿಗುವುದು ಕಡಿಮೆ. ನೆಲದಿಂದ ಹನ್ನೊಂದು ಹನ್ನೆರಡು ಸೆಂ.ಮೀ. ಎತ್ತರದ ಕಾರಿನ ಹೊಟ್ಟೆ ಒಮ್ಮೆ ತಾಗಿದರೆ, ಮುಂದಿನ ಗಿರಾಕಿಯ ಮೆಕ್ಯಾನಿಕ್ ಲಿಫ್ಟ್ ಮೇಲೆ ಏರಿಸಿ ನೋಡುವ ಮೊದಲ ಜಾಗ ಅದೇ. 911ಕ್ಕೆ ಮೂತಿಯನ್ನು ಸುಮಾರು 4 ಸೆಂ.ಮೀ. ಎತ್ತುವ ಸೌಲಭ್ಯವನ್ನು ಹೆಚ್ಚುವರಿ ಹಣಕ್ಕೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದು ಶೋಕಿ, ಇಲ್ಲಿ ಅಗತ್ಯ.

ಈ ಎಂಜಿನ್‌ಗಳು ಸಾಮಾನ್ಯವಾಗಿ 95 ಅಥವಾ ಹೆಚ್ಚಿನ ಆಕ್ಟೇನ್ ಪೆಟ್ರೋಲ್ ಕೇಳುತ್ತವೆ. ಹಳೆಯ ಆಮದು ಕಾರಾದರೆ ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಅದಕ್ಕೆ ಒಪ್ಪುತ್ತದೆಯೇ ಎಂಬುದನ್ನು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ; 2321 ಎಂದಿದ್ದರೆ 2021ರ 23ನೇ ವಾರ. ಕಡಿಮೆ ಓಡಿದ ಕಾರು ಎಂದು ಹಿಗ್ಗುವವರು ಈ ಅಂಕಿಯನ್ನು ಮರೆಯುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ನೀರಿನಲ್ಲಿ ಮುಳುಗಿದಾಗ ಐಷಾರಾಮಿ ಕಾರುಗಳೂ ಮುಳುಗಿದ್ದವು. ಒರೆಸಿ, ಒಣಗಿಸಿ ಮಾರಿದ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ಎಂದು ನೋಡುವುದು ಸರಳ ಉಪಾಯ. ಕಂಪನಿಯ ವರ್ಕ್‌ಶಾಪಿನಲ್ಲಿ ಸರ್ವಿಸ್ ಆದ ಪೂರ್ಣ ದಾಖಲೆ ಇಲ್ಲದ ಕಾರಿಗೆ ಯಾವ ಬೆಲೆಯೂ ಹೆಚ್ಚೇ. ಹಾಗೆಯೇ ಇಲ್ಲಿಂದ ಹೈದರಾಬಾದ್‌ಗೆ ಹೋಗಿ ಸರ್ವಿಸ್ ಮಾಡಿಸುವ ಬೇಸರಕ್ಕೆ ಊರಿನ ಗ್ಯಾರೇಜಿನಲ್ಲೇ ಎಣ್ಣೆ ಬದಲಿಸಿದವರು, ಮಾರುವ ದಿನ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಮಾರಿದ ನಂತರವೂ ಒಂದು ಕೆಲಸ ಉಳಿಯುತ್ತದೆ. ಕಾರನ್ನು ರಾಜ್ಯದೊಳಗೆ ಮಾರಿದರೆ 14 ದಿನ, ಹೊರ ರಾಜ್ಯಕ್ಕೆ ಮಾರಿದರೆ 45 ದಿನದೊಳಗೆ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೈದರಾಬಾದ್‌ನ ವ್ಯಾಪಾರಿಗೆ ಕೀಲಿ ಕೊಟ್ಟು ಸಂಜೆ ಬಸ್ಸಿಗೆ ಮರಳುವವರು, ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬರುವವರೆಗೂ ಆ ಕಾರಿನ ಮಾಲೀಕರೇ.