ನೆರೆಮನೆಯ ರಂಗೋಲಿ, ನಮ್ಮ ಜಾಲಪುಟ

ಶಾಲೆಯಲ್ಲಿ ಯಾರೂ ಕಲಿಸದಿದ್ದರೂ ನಮ್ಮ ಹೆಣ್ಣುಮಕ್ಕಳು ರಂಗೋಲಿ ಕಲಿತರು. ಬೆಳಿಗ್ಗೆ ನೆರೆಮನೆಯ ಅಂಗಳದಲ್ಲಿ ನಿಂತು ಚುಕ್ಕಿ ಎಣಿಸುವುದು, ಎಳೆ ಎಲ್ಲಿ ತಿರುಗಿತೆಂದು ನೋಡುವುದು, ಮನೆಗೆ ಬಂದು ಹಾಕಿ ನೋಡುವುದು; ಪಾಠ ಅಷ್ಟೇ. ಗಣಕಲೋಕದಲ್ಲಿಯೂ ಅಸಂಖ್ಯ ಜನ ಹೀಗೆಯೇ ಕಲಿತ ವಿದ್ಯೆಯೊಂದಿದೆ. ಅದು ಜಾಲಪುಟ ಬರೆಯುವ ವಿದ್ಯೆ.

ಇದರ ತವರು ಜಿನೀವಾ ಬಳಿಯ 'ಸರ್ನ್' ಭೌತವಿಜ್ಞಾನ ಸಂಶೋಧನಾ ಕೇಂದ್ರ. ನಾನಾ ದೇಶಗಳ ವಿಜ್ಞಾನಿಗಳು ಅಲ್ಲಿ ಬಗೆಬಗೆಯ ಗಣಕಗಳನ್ನು ಬಳಸುತ್ತಿದ್ದರು. ಒಂದರಲ್ಲಿದ್ದ ಮಾಹಿತಿ ಮತ್ತೊಂದಕ್ಕೆ ಸುಲಭವಾಗಿ ದಕ್ಕುತ್ತಿರಲಿಲ್ಲ. ಈ ತೊಡಕು ನೀಗಲು ಇಂಗ್ಲೆಂಡಿನ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಒಂದು ಪ್ರಸ್ತಾವ ಮುಂದಿಟ್ಟರು. 1990ರ ಕೊನೆಗೆ ಮೊದಲ ಜಾಲಪುಟ ಸಿದ್ಧವಾಯಿತು. ಅವರು ರೂಪಿಸಿದ ಮೊದಲ ಬ್ರೌಸರ್‌ನಲ್ಲಿ ಪುಟವನ್ನು ಓದಬಹುದಿತ್ತು, ಬರೆಯಲೂ ಬಹುದಿತ್ತು. ಓದುಗನೇ ಬರಹಗಾರನೂ ಆಗಬೇಕೆಂಬುದು ಅವರ ಆಶಯ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು.

ಜಾಲಪುಟದ ಭಾಷೆ ಎಚ್‌ಟಿಎಂಎಲ್. ಹೆಸರು ಕೇಳಿ ಅಂಜಬೇಕಿಲ್ಲ. ಹಿಂದೆ ಮುದ್ರಣಕ್ಕೆ ಹೋಗುವ ಹಸ್ತಪ್ರತಿಯ ಮೇಲೆ ಸಂಪಾದಕರು 'ಇದು ಶೀರ್ಷಿಕೆ', 'ಇಲ್ಲಿ ಹೊಸ ಪ್ಯಾರಾ' ಎಂದು ಗುರುತು ಹಾಕುತ್ತಿದ್ದರಲ್ಲ, ಅದೇ ಕೆಲಸ. ದೊಡ್ಡ ಶೀರ್ಷಿಕೆಗೆ 'ಎಚ್1', ಪ್ಯಾರಾಕ್ಕೆ 'ಪಿ', ಬೇರೆ ಪುಟಕ್ಕೆ ಕೊಂಡಿ ಹಾಕಲು 'ಎ'. ಇವನ್ನು ಮೊನಚು ಆವರಣಗಳ ನಡುವೆ ಬರೆಯಬೇಕು. ಗಣಕದೊಂದಿಗೇ ಬರುವ ಸಾದಾ ನೋಟ್‌ಪ್ಯಾಡ್ ಸಾಕು. ಬರೆದುದನ್ನು ಉಳಿಸಿ ಬ್ರೌಸರ್‌ನಲ್ಲಿ ತೆರೆದರೆ ಪುಟ ಮೂಡುತ್ತದೆ. ಅದಕ್ಕೆ ಇಂಟರ್‌ನೆಟ್ ಸಂಪರ್ಕವೂ ಬೇಡ. ಒಂದು ಗುರುತು ಮುಚ್ಚಲು ಮರೆತರೂ ಬ್ರೌಸರ್ ಮುನಿಸಿಕೊಳ್ಳದೆ ಸಾಧ್ಯವಾದಷ್ಟನ್ನು ತೋರಿಸುತ್ತದೆ. ಹೊಸಬರಿಗೆ ಈ ಸಹನೆಯೇ ದೊಡ್ಡ ಗುರು.

ಎರಡನೆಯ ಗುರು ಬೇರೆಯವರ ಪುಟ. ಜಾಲಪುಟ ನಮ್ಮ ಗಣಕಕ್ಕೆ ಬರುವುದು ಮೂಲ ಬರಹದ ರೂಪದಲ್ಲೇ. ಆದ್ದರಿಂದ ಬ್ರೌಸರ್‌ನ 'ವ್ಯೂ ಸೋರ್ಸ್' ಒತ್ತಿದರೆ ಅದರ ಚುಕ್ಕಿ, ಎಳೆಗಳೆಲ್ಲ ಕಾಣುತ್ತವೆ. ಮುಂದೆ ಪುಟಕ್ಕೆ ಚಲನೆ ತರುವ ಜಾವಾಸ್ಕ್ರಿಪ್ಟ್ 1995ರಲ್ಲಿ, ಉಡುಗೆ ತೊಡಿಸುವ ಸಿಎಸ್‌ಎಸ್ 1996ರಲ್ಲಿ ಬಂದವು. ಅವನ್ನೂ ಜನ ಹೀಗೆಯೇ ನೋಡಿ ಕಲಿತರು.

ಈಗ ಅಂಗಳ ಬದಲಾಗಿದೆ. ದೊಡ್ಡ ತಾಣಗಳ ಪುಟಗಳನ್ನು ಬಹುಪಾಲು ಯಂತ್ರಗಳೇ ಹೆಣೆಯುತ್ತವೆ. ಒಳಗೆ ಇಣುಕಿದರೆ ಒತ್ತೊತ್ತಾಗಿ ತುರುಕಿದ ಅಕ್ಷರರಾಶಿ ಕಾಣುತ್ತದೆ. ಸ್ಟಿಕರ್ ರಂಗೋಲಿಯ ಮುಂದೆ ನಿಂತು ಎಳೆ ಕಲಿಯುವುದು ಹೇಗೆ? ಕಲಿಯುವವರು ಸಣ್ಣ, ಸರಳ ಪುಟಗಳನ್ನೇ ಹುಡುಕಿಕೊಂಡು ಹೋಗಬೇಕು.

ಕನ್ನಡಿಗರಿಗೆ ಇನ್ನೊಂದು ಮಾತು. 1990ರ ದಶಕದಲ್ಲಿ ಕನ್ನಡ ತಾಣಗಳು ತಮ್ಮತಮ್ಮದೇ ಫಾಂಟ್ ಬಳಸುತ್ತಿದ್ದವು. ಓದುಗರ ಬಳಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತಿದ್ದವು. ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅದು ಬಳಕೆಗೆ ಬಂದ ಮೇಲೆ ಕಷ್ಟ ನೀಗಿತು. ಇಂದು ಪುಟದ ತಲೆಯಲ್ಲಿ 'ಯುಟಿಎಫ್-8' ಎಂದು ಘೋಷಿಸುವ ಒಂದು ಸಾಲು ಸಾಕು. ಅದನ್ನು ಮರೆತರೆ ಹಳೆಯ ಚಿಹ್ನೆಗಳ ಕಾಟ ಮತ್ತೆ ಎದುರಾಗಬಹುದು.

ಮೊದಲ ಪುಟ ಯಾವುದರ ಬಗ್ಗೆ ಇರಲಿ? ನಿಮ್ಮೂರ ಕೆರೆ, ಜಾತ್ರೆ, ಅಜ್ಜಿಯ ಅಡುಗೆ, ಏನಾದರೂ ಆದೀತು. ಹತ್ತು ಸಾಲಾದರೂ ಸಾಕು. ಜಾಲವನ್ನು ಬರಿದೇ ಓದುವವರಿಗೆ ಅದು ಪರರ ಮನೆ. ಒಂದು ಪುಟ ಬರೆದವರಿಗೆ ಅಲ್ಲಿ ತಮ್ಮದೂ ಒಂದು ಅಂಗಳ.